ನಲವತ್ತೆಂಟು ದಿನದ ಪಟ್ಟಿ

ದೊಡ್ಡಉಳ್ಳಾರ್ತಿ ಕಡೆಯ ಬಸ್ಸು ಬರುವುದು ಒಂಬತ್ತೂಕಾಲಿಗೆ. ಪಾಲಾಕ್ಷ ಎಂಟೂವರೆಗೇ ಚಳ್ಳಕೆರೆ ಬಸ್ ನಿಲ್ದಾಣಕ್ಕೆ ಬಂದು ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದ. ಬಸ್ಸು ತಪ್ಪಿಹೋದೀತೆಂಬ ಭಯವಲ್ಲ. ಮನೆಯಲ್ಲಿ ಇನ್ನೊಂದು ಅರ್ಧ ಗಂಟೆ ಕೂತಿದ್ದರೆ, ಹೋಗದೇ ಇರುವುದಕ್ಕೆ ನೂರೆಂಟು ಕಾರಣ ಹುಡುಕಿಕೊಂಡು ಲುಂಗಿ ಉಟ್ಟು ಪೇಪರು ಹಿಡಿದುಬಿಡುತ್ತಿದ್ದ. ತನ್ನ ಗುಣ ತನಗೆ ಗೊತ್ತಿಲ್ಲದ್ದೇನಲ್ಲ. ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆಯಿತ್ತು. ಅದು ಇದೆಯೋ ಇಲ್ಲವೋ ಎಂದು ಎರಡು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಟೀ ಅಂಗಡಿಯ ತೋಟಪ್ಪ ಲೋಟ ತೊಳೆಯುತ್ತ, "ಏನ್ ಸಾರ್, ಭಾನುವಾರಾನೂ ಡ್ರಿಲ್ಲಾ?" ಎಂದ. "ಇಲ್ಲಪ್ಪ, ನೆಂಟರ ಮನೇಗೆ. ಗೃಹಪ್ರವೇಶ ಐತೆ" ಎಂದು ಹೇಳಿದ ಮೇಲೆ ಪಾಲಾಕ್ಷನಿಗೆ ಬೆವರು ಕಿತ್ತುಕೊಂಡಿತು. ಯಾವ ನೆಂಟರು, ಯಾವ ಗೃಹಪ್ರವೇಶ? ತೋಟಪ್ಪ ಕೇಳಿದ್ದು ಬಾಯಿಮಾತಿಗೆ, ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಈಗ ವಾಪಸು ಬರುವಾಗ ಊಟಕ್ಕೆ ಏನು ಮಾಡಿಸಿದ್ದರು ಅಂತ ಬೇರೆ ಕೇಳುತ್ತಾನೆ. ನಲವತ್ಮೂರು ವರ್ಷದ ಗಂಡಸು, ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಒಬ್ಬ ಹುಡುಗಿಯ ಹತ್ತಿರ ಒಂದು ಮಾತಾಡಿ ಬರುತ್ತೇನೆ ಅನ್ನುವುದಕ್ಕೆ ಇಷ್ಟು ಹೆದರಬೇಕೆ? ಹಾಗೆ ಅಂದಿದ್ದರೆ ತೋಟಪ್ಪ ಯಾವ ಥರ ನಗುತ್ತಿದ್ದ ಅನ್ನುವುದೂ ಅವನಿಗೆ ಗೊತ್ತಿತ್ತು.

ಹುಡುಗಿಯ ಹೆಸರು ತಿಪ್ಪೇರುದ್ರಮ್ಮ. ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಅಂಚಿಗಿರುವ ಗೊಲ್ಲರ ಹಟ್ಟಿಯವಳು. ಅವಳು ಸ್ಕೂಲಿನ ಮೈದಾನಕ್ಕೆ ಕಸರತ್ತಿಗೆ ಬರುವುದನ್ನು ನಿಲ್ಲಿಸಿ ಇವತ್ತಿಗೆ ಇಪ್ಪತ್ತೆರಡು ದಿನ. ಚಿತ್ರದುರ್ಗದಲ್ಲಿ ಮಹಿಳಾ ಪೊಲೀಸ್ ಆಯ್ಕೆಗೆ ಉಳಿದಿರುವುದು ಹದಿನೈದೇ ದಿನ. ಓಡಬೇಕು, ಉದ್ದ ಜಿಗಿಯಬೇಕು, ನಾಲ್ಕು ಕೆ.ಜಿ. ಗುಂಡು ಎಸೆಯಬೇಕು. ತನ್ನ ಹತ್ತಿರ ಬರುವ ಎಂಟು ಹುಡುಗಿಯರಲ್ಲಿ ಇವಳು ಆಗೇ ಆಗುತ್ತಾಳೆ ಎಂದು ಎದೆ ಮುಟ್ಟಿ ಹೇಳಬಹುದಾದವಳು ಅವಳೊಬ್ಬಳೇ. ಆ ಒಬ್ಬಳನ್ನೇ ಪಾಲಾಕ್ಷ ಎಲ್ಲರೆದುರು ಮಾನ ಕಳೆದು ಓಡಿಸಿದ್ದ. ಈಗ ಅವಳನ್ನು ವಾಪಸು ಕರೆತರಬೇಕು, ಕರೆತರುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆ ಅವನ ಬಾಯಲ್ಲಿ ಇದುವರೆಗೆ ಯಾವ ಹೆಣ್ಣಿನ ಮುಂದೂ ಬಂದಿರಲಿಲ್ಲ.

ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತ. ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ದಾಟಿದ್ದೇ ಬಯಲು ಶುರುವಾಯಿತು. ಎಂಟು ಜನ ಹುಡುಗಿಯರು ಬೇಸಿಗೆ ರಜೆಯಲ್ಲಿ ಪೊಲೀಸ್ ಆಯ್ಕೆಯ ಜಾಹೀರಾತಿದ್ದ ಪೇಪರಿನ ತುಂಡು ಹಿಡಿದು ಮನೆಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದು ನೆನಪಾಯಿತು. "ಹುಡುಗ್ರನ್ನೆಲ್ಲಾ ತಯಾರು ಮಾಡಿದ್ರಲ್ಲ ಸಾರ್, ನಮ್ಮುನ್ನೂ ಮಾಡ್ರಿ" ಎಂದವಳು ತಿಪ್ಪೇರುದ್ರಮ್ಮನೇ. ಅವತ್ತು ಅವನು ಉಬ್ಬಿಹೋಗಿದ್ದ. ಪೆಟ್ಟಿಗೆಯಿಂದ ಹಳೆಯ ಪಟ್ಟಿ ತೆಗೆದ. ಪಟ್ಟಿ ಅವನದಲ್ಲ, ಮೊಳಕಾಲ್ಮುರಿನ ಗರಡಿಯ ಉಸ್ತಾದ್ ಜಂಬುಲಿಂಗಪ್ಪನವರದು. ಒಂದು ಮಂಡಲ, ನಲವತ್ತೆಂಟು ದಿನ. ಒಂದನೇ ದಿನ ಇಪ್ಪತ್ತು ಬಸ್ಕಿ, ಹತ್ತು ದಂಡ. ದಿನದಿಂದ ದಿನಕ್ಕೆ ಏರುತ್ತ ಏರುತ್ತ ಕೊನೆಗೆ ಇನ್ನೂರು ಬಸ್ಕಿ, ಅದರ ಮೇಲೆ ಹೆಗಲಿಗೆ ಕಲ್ಲು ಹೊತ್ತು ನಲವತ್ತು. ಮಂಡಲ ಮುರಿಯಬಾರದು. ಜ್ವರ ಬರಲಿ, ಮನೆಯಲ್ಲಿ ಹೆಣ ಬಿದ್ದಿರಲಿ, ಒಂದು ದಿನ ತಪ್ಪಿತೋ, ಉಸ್ತಾದರು ಬೆತ್ತ ತೋರಿಸಿ "ಮಳ್ಳಿ ಮೊದಟಿನುಂಚಿ ರಾ" ಅನ್ನುವರು. ಆಂಧ್ರದ ಗಡಿಯಲ್ಲಿ ಬೆಳೆದ ಅವರಿಗೆ ಸಿಟ್ಟು ಬಂದರೆ ತೆಲುಗೇ ಬರುವುದು. ಮತ್ತೆ ಒಂದನೇ ದಿನದಿಂದ, ಅಷ್ಟೆ. ನಲವತ್ತು ದಿನ ಮಾಡಿದ್ದು ಮಣ್ಣುಪಾಲು. ಈ ಪಟ್ಟಿಯನ್ನು ಹೆಣ್ಣುಮಕ್ಕಳಿಗೆ ಹೊಂದಿಸಲು ಪಾಲಾಕ್ಷನಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೆಂಪು ಶಾಯಿಯಲ್ಲಿ ಎಲ್ಲ ಸಂಖ್ಯೆಗಳ ಪಕ್ಕ ಅದರ ಅರ್ಧ ಬರೆದ. ನಲವತ್ತೆಂಟನ್ನು ಮಾತ್ರ ಮುಟ್ಟಲಿಲ್ಲ. ದೊಡ್ಡ ಕೆಲಸ ಮುಗಿಸಿದವನಂತೆ ಹೆಂಡತಿಗೆ ಟೀ ಮಾಡಲು ಹೇಳಿದ್ದ. ಮರುದಿನ ತಿಪ್ಪೇರುದ್ರಮ್ಮ ಹಾಳೆ ನೋಡಿ, "ಯಾಕ್ ಸಾರ್ ಅರ್ಧ?" ಎಂದಾಗ, "ಹೆಣ್ಣುಮಕ್ಕಳ ಮೈ ಅಷ್ಟೇ ತಡೆಯೋದು ಕಣಮ್ಮ" ಅಂದ. ಅವಳು ಮತ್ತೇನೂ ಕೇಳದೆ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡಳು. ಗಡುಸಾದ ದೊಡ್ಡ ಕೈ. ಶೇಂಗಾ ಚೀಲವನ್ನು ಒಬ್ಬಳೇ ಟ್ರಾಕ್ಟರಿಗೆ ಎಸೆಯುವವಳು ಅವಳು ಎಂದು ಅವನಿಗೆ ಗೊತ್ತಾಗಿದ್ದು ಆಮೇಲೆ.

ಆಯ್ಕೆಗೆ ಹೋಗುವ ಹುಡುಗರಿಗೆ ಹೇಳಿಕೊಡುವಾಗ ಯೋಚನೆ ಇರುತ್ತಿರಲಿಲ್ಲ. ಬೆನ್ನು ಬಾಗಿದರೆ ಬೆನ್ನಿಗೊಂದು ಗುದ್ದು, ಮೊಣಕಾಲು ಒಳಗೆ ಬಂದರೆ ಕಾಲಿನಿಂದಲೇ ಸರಿಸುವುದು. ಸ್ಕೂಲಿನ ಹೆಣ್ಣುಮಕ್ಕಳಿಗೆ ದೂರ ನಿಂತು ಸೀಟಿ ಊದಿದರೆ ಸಾಕಿತ್ತು. ಇಲ್ಲಿ ಕೈ ಎಲ್ಲಿಡಬೇಕು? ಅವನು ಒಂದು ಅಳತೆಕೋಲು ಇಟ್ಟುಕೊಂಡ. ಸ್ವಪ್ನ ಅನ್ನುವ ಬಾಯಿಲ್ಲದ ಹುಡುಗಿ ಬಸ್ಕಿಗೆ ಇಳಿದಾಗ ಸೊಂಟ ತಿರುಚಿಕೊಂಡಿತ್ತು. ಕೋಲಿನ ತುದಿಯಿಂದ ಅವಳ ನೆರಳನ್ನು ತೋರಿಸಿ, "ಇಲ್ಲಿ, ಇಲ್ಲಿ ಸರಿ ಮಾಡ್ಕೊ" ಎಂದು ಆಕಾಶ ನೋಡುತ್ತ ಹೇಳಿದ. ಅವಳು ನೆರಳು ನೋಡಲು ಬಗ್ಗಿ ಇನ್ನಷ್ಟು ತಿರುಚಿಕೊಂಡಳು. ಕಾಂಪೌಂಡಿನ ಆಚೆ ಬೆಳಗಿನ ಗಾಳಿಗೆ ಬಂದ ನಾಲ್ಕು ಗಂಡಸರು ಕಾಲೂರಿ ನಿಂತಿರುತ್ತಿದ್ದರು. ದೊಡ್ಡ ದೊಡ್ಡ ಹೆಣ್ಣುಮಕ್ಕಳು ಸಾಲಾಗಿ ಬಸ್ಕಿ ಹೊಡೆಯುವುದು ಅವರಿಗೆ ತಮಾಷೆ. "ಏನ್ ತಪ್ ಮಾಡಿದಾವೆ ಲೇ ಇವು?" ಅಂತ ಒಬ್ಬ. "ಮೇಷ್ಟ್ರಿಗೆ ಒಳ್ಳೆ ಕಾಲ ಬಂತಲ್ಲಲೇ" ಅಂತ ಇನ್ನೊಬ್ಬ. ಪಾಲಾಕ್ಷನ ಕಿವಿ ಸುಡುತ್ತಿತ್ತು. ಆ ಮಾತು ಹುಡುಗಿಯರಿಗೆ ಕೇಳಿಸಿತೋ ಏನೋ ಎಂದು ಒಂದು ಹೆದರಿಕೆ, ಸ್ಕೂಲಿಗೆ ಮುಟ್ಟಿತೋ ಏನೋ ಎಂದು ಇನ್ನೊಂದು. ಸಲಿಗೆ ಇಲ್ಲ ಎಂದು ತೋರಿಸಬೇಕಲ್ಲ, ಅದಕ್ಕೆ ದನಿ ಏರಿಸಿ ಗದರತೊಡಗಿದ. ಗದರಿದಷ್ಟೂ ಕಾಂಪೌಂಡಿನ ಆಚೆಯವರು ಸುಮ್ಮನಾಗುತ್ತಿದ್ದರು.

ತಿಪ್ಪೇರುದ್ರಮ್ಮ ಎರಡು ಸಲ ಐದೈದು ದಿನ ಬಂದಿರಲಿಲ್ಲ. ಎರಡು ಸಲವೂ ಅವನು, "ಮತ್ತೆ ಒಂದನೇ ದಿನದಿಂದ" ಎಂದ. ಮಿಕ್ಕವರು ಐವತ್ತು ಬಸ್ಕಿಗೆ ಬಂದಿರುವಾಗ ಅವರಿಗಿಂತ ಮುಂದಿದ್ದ ಅವಳು ಮೂಲೆಯಲ್ಲಿ ಹತ್ತು ಹೊಡೆದು ನಿಲ್ಲಬೇಕು, ಅವರೆಲ್ಲ ಮುಗಿಸುವ ತನಕ ಕೈಕಟ್ಟಿ ನೋಡಬೇಕು. ಅವಳು ಹಾಗೇ ಮಾಡಿದಳು. ಮೂರನೇ ಸಲ ಐದು ದಿನ ತಪ್ಪಿಸಿ ಬಂದ ದಿನ ಕಾಂಪೌಂಡಿನ ಆಚೆ ಜನ ಜಾಸ್ತಿ ಇದ್ದರು. "ಐದು ದಿನ ಎಲ್ಲಿ ಹೋಗಿದ್ದೆ?" ಎಂದು ಅವನು ಕೇಳಿದ. "ಊರಾಗೇ ಇದ್ದೆ ಸಾರ್." "ಊರಾಗೇ ಇದ್ದೋಳು ಯಾಕೆ ಬರ್ಲಿಲ್ಲ?" ಅವಳು ನೆಲ ನೋಡಿದಳು. "ಹುಷಾರಿರ್ಲಿಲ್ಲ." ತಿಂಗಳಿಗೊಮ್ಮೆ, ಐದೇ ದಿನ, ಗೊಲ್ಲರ ಹಟ್ಟಿಯ ಹುಡುಗಿ. ಅವರಲ್ಲಿ ಮುಟ್ಟಾದವರು ಐದು ದಿನ ಬೇಲಿಯ ಹೊರಗೇ ಇರಬೇಕು, ಊರಲ್ಲಿ ಓಡಾಡುವಂತಿಲ್ಲ, ಬಸ್ಸು ಹತ್ತುವಂತಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲಾಕ್ಷನಿಗೆ ಹೊಳೆಯಿತು, ಅವಳು ನೆಲ ನೋಡಿದ ಕ್ಷಣವೇ ಹೊಳೆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾತು ಅರ್ಧ ಬಂದಿತ್ತು, ಕಾಂಪೌಂಡಿನ ಆಚೆಯವರು ಕಾಯುತ್ತಿದ್ದರು, ಈಗ ತಗ್ಗಿದರೆ ಹುಡುಗಿಯ ಮುಂದೆ ತಗ್ಗಿದ ಎಂದಾಗುತ್ತಿತ್ತು. "ಏನಾಗಿತ್ತು? ಬಾಯ್ ಬಿಟ್ಟು ಹೇಳು! ಎಲ್ಲರಿಗೂ ಕೇಳಂಗೆ ಹೇಳು!" ಎಂದು ಕೂಗಿದ. ಯಾರೋ ಆಚೆ ಕಿಸಕ್ಕೆಂದರು. ತಿಪ್ಪೇರುದ್ರಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ, ಇವನು ನಿಜವಾಗಿ ಕೇಳುತ್ತಿದ್ದಾನೋ ಹೇಗೆ ಎಂದು ತಿಳಿದುಕೊಳ್ಳುವವಳ ಹಾಗೆ. ಆಮೇಲೆ ಕೈಯಲ್ಲಿದ್ದ ಗುಂಡನ್ನು ಸದ್ದಾಗದಂತೆ ನೆಲಕ್ಕಿಟ್ಟು, ಗೇಟು ದಾಟಿ ಹೋದಳು.

ಟಿಕೆಟಿಗಾಗಿ ಕಂಡಕ್ಟರು ಭುಜ ತಟ್ಟಿದಾಗ ಪಾಲಾಕ್ಷ ಬೆಚ್ಚಿದ. ತಿಪ್ಪೇರುದ್ರಮ್ಮ ನೋಡಿದ ಹಾಗೆ ಅವ್ವನೂ ಒಂದು ಸಲ ಅವನನ್ನು ನೋಡಿದ್ದಳು. ಅವನಿಗೆ ಆಗ ಹದಿನೇಳು. ಮೊಳಕಾಲ್ಮುರಿನ ಗರಡಿಯ ಒಳಗೆ ಕತ್ತಲೆ, ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಹುಳಿವಾಸನೆ. ಹೆಂಗಸರು ಹೊಸ್ತಿಲು ಮೆಟ್ಟುವಂತಿಲ್ಲ. ಅವ್ವ ದಿನಾ ಅಂಬಲಿಯ ಚೊಂಬು ಹಿಡಿದು ಹೊರಗೆ ನಿಲ್ಲುವಳು. ಅವತ್ತು ಅವನು ಎಷ್ಟು ಹೊತ್ತಾದರೂ ಬರಲಿಲ್ಲ, ಒಳಗೆ ಯಾರೋ ಬಿದ್ದ ಸದ್ದಾಯಿತು, ಮಗನಿಗೇ ಏನೋ ಆಯಿತೆಂದು ಗಾಬರಿಯಲ್ಲಿ ಎರಡು ಹೆಜ್ಜೆ ಒಳಗೆ ಇಟ್ಟಳು. ಉಸ್ತಾದರು ಒಂದು ಮಾತೂ ಬೈಯಲಿಲ್ಲ. ಅಖಾಡದ ಮಣ್ಣೆಲ್ಲ ತೆಗೆದು ಹೊಸ ಮಣ್ಣು ತುಂಬಿಸಲು ಹೇಳಿದರು, ಅಷ್ಟೆ. ಎರಡು ದಿನ ಪಾಲಾಕ್ಷ ಮಣ್ಣು ಹೊತ್ತ. ಅವನ ಮಂಡಲವೂ ಮುರಿಯಿತು. ಎಲ್ಲರ ಮುಂದೆ ಅವ್ವನಿಗೆ, "ನಿನಗೆ ಬುದ್ಧಿ ಐತಾ? ಯಾಕ್ ಬಂದೆ ಒಳಗೆ?" ಎಂದು ಚೀರಿದ್ದ. ಯಾಕೆ ಬಂದಳು ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಚೀರಿದ. ಅವ್ವ ಸತ್ತು ಒಂಬತ್ತು ವರ್ಷ. ಆ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕಿಟಕಿಯಾಚೆ ಈರುಳ್ಳಿ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು ಕಳೆ ಕೀಳುತ್ತಿದ್ದರು. ಅವರು ಎಷ್ಟು ಹೊತ್ತಿನಿಂದ ಕುಕ್ಕರಗಾಲಲ್ಲಿ ಕೂತಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ಪಟ್ಟಿ ಬದಲಾಯಿಸಬೇಕೆಂದು ಹೋದ ವಾರ ಅನ್ನಿಸಿತು. ಅನ್ನಿಸಿದ್ದು ಒಳ್ಳೆತನದಿಂದ ಅಂತ ಹೇಳಿಕೊಳ್ಳಲು ಅವನಿಗೆ ಧೈರ್ಯವಿಲ್ಲ. ಉಳಿದ ಏಳು ಜನರಲ್ಲಿ ಯಾರ ಗುಂಡೂ ಸರಿಯಾಗಿ ಬೀಳುತ್ತಿರಲಿಲ್ಲ, ಒಬ್ಬಳೂ ಆಯ್ಕೆಯಾಗದಿದ್ದರೆ ಊರಿಗೆ ಮುಖ ತೋರಿಸುವುದು ಹೇಗೆ ಅನ್ನುವ ಭಯವೂ ಅದರಲ್ಲಿ ಇತ್ತು. ಮೂರು ದಿನ ಕೂತು ಹೊಸ ಹಾಳೆ ಬರೆದ. ಮಂಡಲ ತೆಗೆದ. ತಿಂಗಳಲ್ಲಿ ಐದು ದಿನ ಪೂರ್ತಿ ವಿಶ್ರಾಂತಿ, ಒಬ್ಬೊಬ್ಬಳಿಗೆ ಒಂದೊಂದು ಸಾಲು. ಆದರೆ ಯಾವ ಐದು ದಿನ? ಆ ಜಾಗ ಎಂಟು ಸಾಲಿನಲ್ಲೂ ಖಾಲಿ ಉಳಿಯಿತು. ಹೆಂಡತಿ ರೇಣುಕಮ್ಮ ಮೊರದಲ್ಲಿ ಶೇಂಗಾ ಬೀಜ ಆರಿಸುತ್ತ ಕೂತಿದ್ದಳು. ಎರಡು ಸಲ ಅವಳ ಮುಂದೆ ಸುಳಿದಾಡಿ, "ನೋಡೇ, ಆ ಹುಡುಗೀರನ್ನ ಒಂದು ಮಾತು ಕೇಳ್ತೀಯಾ, ಅದೇ, ತಿಂಗಳಿಂದು, ಯಾವಾಗ ಅಂತ" ಎಂದ. ಅವಳು ಮೊರ ನಿಲ್ಲಿಸಿದಳು. "ನಾನ್ಯಾಕ್ ಕೇಳ್ಲಿ? ಹೇಳ್ಕೊಡೋರು ನೀವು. ನೀವೇ ಕೇಳ್ರಿ." "ಗಂಡಸು ಹೆಂಗೆ ಕೇಳ್ಲೇ?" "ಹೊಟ್ಟೆ ನೋವೈತೇನಮ್ಮ ಅಂತ ಕೇಳಿದಂಗೆ ಕೇಳೋದು. ಹತ್ತೊಂಬತ್ತು ವರ್ಷದಾಗೆ ನನ್ನ ಒಂದಿನ ಕೇಳಿದೀರಾ? ಮೂಲೇಲಿ ಮುದುಡ್ಕಂಡು ಮಲಗಿದ್ರೆ, ಅಡಿಗೆ ಆಯ್ತಾ ಅಂತ ಕೇಳೀರಿ." ಅವಳು ಜಗಳಕ್ಕೆ ಹೇಳಿದ ಮಾತಲ್ಲ ಅದು, ಇದ್ದದ್ದನ್ನು ಹೇಳಿ ಮತ್ತೆ ಬೀಜ ಆರಿಸತೊಡಗಿದಳು. ಪಾಲಾಕ್ಷ ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

ಬಸ್ಸಿಳಿದು ನಡೆದು ಬಂದರೆ, ಹಟ್ಟಿಯ ಸುತ್ತ ಎದೆಮಟ್ಟದ ಮುಳ್ಳುಬೇಲಿ. ಒಳಗೆ ಮೆಟ್ಟಿಕೊಂಡು ಹೋಗುವಂತಿಲ್ಲವೆಂದು ಬಾಗಿಲ ಹತ್ತಿರ ಬೂಟು ಬಿಚ್ಚಿಟ್ಟು ನಿಂತಾಗ ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಕಾಣುತ್ತಿತ್ತು. ಅದನ್ನು ಮುಚ್ಚಲು ಇನ್ನೊಂದು ಕಾಲು ಅದರ ಮೇಲಿಟ್ಟ. ತಿಪ್ಪೇರುದ್ರಮ್ಮನ ಅಪ್ಪ ಮುದ್ದಪ್ಪ ಒಂದು ಕುರಿಯನ್ನು ತೊಡೆಗೆ ಒರಗಿಸಿಕೊಂಡು ಗೊರಸಿನ ಮುಳ್ಳು ತೆಗೆಯುತ್ತಿದ್ದ. "ನೀವಾ ಮೇಷ್ಟ್ರೆ" ಎಂದವನ ದನಿಯಲ್ಲಿ ಆದರವೂ ಇರಲಿಲ್ಲ, ಮುನಿಸೂ ಇರಲಿಲ್ಲ. "ತಿಪ್ಪೇರುದ್ರಮ್ಮ ಐದಾಳೇನ್ರಿ?" "ಒಳಗಿಲ್ಲ. ಹೊರಗೈದಾಳೆ, ಮೂರು ದಿನ ಆಯ್ತು." ಮುದ್ದಪ್ಪ ಮುಳ್ಳಿನಿಂದ ಕಣ್ಣು ತೆಗೆಯದೆ ಗಲ್ಲದಿಂದಲೇ ಕಾವಲಿನ ಕಡೆ ತೋರಿಸಿದ. "ಆ ಜಾಲಿ ಮರದ ಹಿಂದೆ. ದೂರ ನಿಂತೇ ಮಾತಾಡ್ರಿ ಮತ್ತೆ." ಪಾಲಾಕ್ಷನಿಗೆ ಮೈಯೆಲ್ಲ ಹಗುರಾಯಿತು. ಕೇಳಬೇಕಾದ ಪ್ರಶ್ನೆಗೆ ಉತ್ತರವನ್ನು ಅವಳಪ್ಪನೇ, ಕುರಿಯ ಕಾಲು ಹಿಡಿದುಕೊಂಡು, ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ. ಬೂಟು ಹಾಕಿಕೊಳ್ಳುವುದನ್ನೂ ಮರೆತು ನಾಲ್ಕು ಹೆಜ್ಜೆ ಹೋದ ಮೇಲೆ ನಾಚಿಕೆಯಾಯಿತು. ಇಷ್ಟಕ್ಕೇ ತಾನು ಮೂರು ದಿನ ನರಳಿದ್ದು.

ಜಾಲಿ ಮರದ ಹಿಂದೆ ಸೋಗೆ ಹೊದಿಸಿದ, ಬಗ್ಗಿ ಹೋಗಬೇಕಾದ ಒಂದು ಗುಡ್ಲು. ಅದರ ಮುಂದೆ ತಿಪ್ಪೇರುದ್ರಮ್ಮ ಹೊಲದ ಬದುವಿನ ಕಲ್ಲೊಂದನ್ನು ಎರಡೂ ಕೈಯಿಂದ ಹೆಗಲ ಮೇಲೆ ಹಿಡಿದು ಬಸ್ಕಿ ಹೊಡೆಯುತ್ತಿದ್ದಳು. ಸೀರೆಯನ್ನು ಕಚ್ಚೆ ಕಟ್ಟಿದ್ದಳು, ಬೆನ್ನು ಅವನ ಕಡೆಗಿತ್ತು. ಕೂಗಬೇಕು ಅಂದುಕೊಂಡ, ಕೂಗಲಿಲ್ಲ. ಕಲ್ಲು ಹೊತ್ತ ಬಸ್ಕಿ ಅವನ ಪಟ್ಟಿಯಲ್ಲಿ ಹುಡುಗಿಯರಿಗೆ ಇಪ್ಪತ್ತು, ಗಂಡಸರಿಗೆ ನಲವತ್ತು. ಅವನು ನೋಡಲು ಶುರುಮಾಡಿದ ಮೇಲೆಯೇ ನಲವತ್ತಮೂರಾಯಿತು. ಬೆನ್ನು ನೆಟ್ಟಗಿತ್ತು, ಮೊಣಕಾಲು ಒಳಗೆ ಬರುತ್ತಿರಲಿಲ್ಲ, ಯಾರೂ ಯಾವ ಕೋಲಿನಿಂದಲೂ ತೋರಿಸಿಕೊಡಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ. ಹಿಂದಿನಿಂದ ಹೆಣ್ಣೊಬ್ಬಳನ್ನು ಕದ್ದು ನೋಡುತ್ತ ನಿಂತಿದ್ದೇನಲ್ಲ ಎಂದು ಥಟ್ಟನೆ ಅನ್ನಿಸಿ, ಕೆಮ್ಮಿದ. ಅವಳು ಕಲ್ಲು ಇಳಿಸಿ ತಿರುಗಿದಳು.

"ಅಲ್ಲೇ ನಿಲ್ರಿ ಸಾರ್."

ಇಪ್ಪತ್ತು ಹೆಜ್ಜೆ ದೂರದಲ್ಲಿ ಅವನು ನಿಂತ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಗಿತ್ತು. "ಹೊಸ ಪಟ್ಟಿ ಮಾಡೀನಮ್ಮ" ಎಂದು ಜೇಬಿಗೆ ಕೈ ಹಾಕಿದ. ಹಾಳೆಯನ್ನು ನೆಲದ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಹೇರಿ, ಹಿಂದೆ ಸರಿದ. ಅವಳು ಬಂದು ಎತ್ತಿಕೊಂಡು ನಿಧಾನಕ್ಕೆ ಓದಿದಳು. ಓದುವಷ್ಟು ಹೊತ್ತೂ ಅವನು ಅವಳ ಮುಖ ನೋಡುತ್ತಿದ್ದ. ಈಗ ಮುಖ ಅರಳುತ್ತದೆ, ಈಗ ಅರಳುತ್ತದೆ ಎಂದು ಕಾದ.

"ಈ ಐದು ದಿನ ವಿಶ್ರಾಂತಿ ಅಂತ ಬರ್ದೀರಲ್ಲ, ಯಾಕೆ?"

"ನಿಮಗೆ ತ್ರಾಸು ಇರುತ್ತಲ್ಲಮ್ಮ. ಅದಕ್ಕೆ."

"ಮೊದಲ್ನೇ ದಿನ ಸೊಂಟ ಬಿದ್ದೋಗುತ್ತೆ, ನಿಜ. ಮಿಕ್ಕಿದ್ದು ನಾಲ್ಕು ದಿನಾನೇ ಸಾರ್ ನನಗಿರೋದು." ಅವಳು ಹಾಳೆಯಿಂದ ಹಟ್ಟಿಯ ಕಡೆ ತೋರಿಸಿದಳು. "ಒಳಗಿದ್ರೆ ನಾಲ್ಕು ಗಂಟೆಗೆ ಏಳ್ಬೇಕು. ಬೋರಿಂದ ಹನ್ನೆರಡು ಕೊಡ ನೀರು. ದೊಡ್ಡಿ ಕಸ. ರೊಟ್ಟಿ. ಅದೆಲ್ಲ ಮಾಡಿ ಬಸ್ ಹತ್ತಿ ನಿಮ್ಮತ್ರ ಬರ್ತಿದ್ದೆ. ಬಂದ್ ಮೇಲೆ ನೀವು ಹತ್ತು ಬಸ್ಕಿ ಹೊಡ್ಸೀರಿ. ವಾಪಸ್ ಬಂದು ಕೂಲಿಗೋಗ್ಬೇಕು. ಹೊರಗಿದ್ದಾಗ ಯಾರೂ ಒಂದು ಕೆಲಸ ಹೇಳಂಗಿಲ್ಲ, ನಾನು ಒಂದು ಕೊಡ ಮುಟ್ಟಂಗಿಲ್ಲ. ಊಟ ಅವ್ವ ತಂದಿಟ್ಟು ಹೋಗ್ತಾಳೆ. ನನಗೆ ಬಿಡುವು ಅಂತ ಇರೋದು ಇದೊಂದೇ. ಇದನ್ನೇ ನೀವು ರಜಾ ಅಂತ ಬರ್ದೀರಿ."

ಪಾಲಾಕ್ಷನಿಗೆ ಕಾಲಿನ ಕೆಳಗೆ ನೆಗ್ಗಿನಮುಳ್ಳು ಚುಚ್ಚಿದ್ದು ಈಗ ಗೊತ್ತಾಯಿತು. ಮೂರು ದಿನ ಕೂತು ಮಾಡಿದ್ದು. ಮೊದಲ ಸಲ ಅರ್ಧ ಮಾಡಿ ತಪ್ಪಿದ್ದ, ಈಗ ಕನಿಕರಪಟ್ಟು ತಪ್ಪಿದ್ದ. ಎರಡು ಸಲವೂ ಕೇಳದೇ ಬರೆದಿದ್ದ. ಹನ್ನೆರಡು ಕೊಡ, ಒಂದೊಂದು ಹತ್ತು ಹನ್ನೆರಡು ಕೆ.ಜಿ. ಅಂದರೂ ಎಷ್ಟಾಯಿತು ಎಂದು ತಲೆ ತನ್ನಷ್ಟಕ್ಕೆ ಗುಣಿಸುತ್ತಿತ್ತು. ಉಸ್ತಾದರ ಪಟ್ಟಿ ಮಾಡುವ ಹುಡುಗರು ಗರಡಿಯಿಂದ ಹೋಗಿ ಬಾದಾಮಿ ಹಾಲು ಕುಡಿದು ಮಲಗುತ್ತಿದ್ದರು. ತಾನೂ ಮಲಗುತ್ತಿದ್ದ.

"ಪರೀಕ್ಷೆ ಹದಿನೈದು ದಿನ ಐತೆ. ಗುಂಡು ಎಸೆಯೋ ವರಸೆ ಇನ್ನೂ ಕುದುರಬೇಕು ನಿಂಗೆ. ಬರ್ತೀಯಾ?" ಎಂದ. ಬೇಡುವವನ ದನಿಯಾಗಿತ್ತು ಅದು.

ತಿಪ್ಪೇರುದ್ರಮ್ಮ ಹಾಳೆಯನ್ನು ಮೊದಲಿನ ಮಡಿಕೆಯ ಮೇಲೇ ಮಡಚಿದಳು. "ಒಂದು ಮಾತು ಕೇಳ್ತೀನಿ ಸಾರ್. ಅವತ್ತು ಬೈದ್ರಲ್ಲ, ನಾನ್ಯಾಕ್ ಬಂದಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?" ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅವ್ವ ಅಂತಾಳೆ, ಗಂಡಸ್ರಿಗೆ ಏನು ತಿಳೀತೈತೆ, ಗೊತ್ತಿಲ್ದೆ ಅಂದಿರ್ತಾರೆ, ಹೋಗು ಅಂತ. ಗೊತ್ತಿರ್ಲಿಲ್ಲ ಅಂದ್ರೆ ಗುರುವಾರ ಬರ್ತೀನಿ."

ಎಷ್ಟು ಸುಲಭವಿತ್ತು. ಗೊತ್ತಿರಲಿಲ್ಲಮ್ಮ, ಒಂದೇ ಮಾತು, ಹುಡುಗಿ ಬರುತ್ತಾಳೆ, ಪಾಸಾಗುತ್ತಾಳೆ, ಅವಳ ಬದುಕು ನೇರಾಗುತ್ತದೆ, ಸುಳ್ಳು ಹೇಳಿದ್ದೂ ಅವಳ ಒಳ್ಳೆಯದಕ್ಕೇ ಆಗುತ್ತದೆ. ಬೆಳಿಗ್ಗೆ ತೋಟಪ್ಪನಿಗೆ ಬೇಡದ ಸುಳ್ಳನ್ನು ಬೇಕಿಲ್ಲದೆ ಹೇಳಿದವನಿಗೆ ಬೇಕಾದ ಒಂದು ಸುಳ್ಳು ಬಾಯಿಗೆ ಬರಲಿಲ್ಲ. ಅವಳು ಅವತ್ತು ನೋಡಿದ ಹಾಗೆಯೇ ನೋಡುತ್ತಿದ್ದಳು.

"ಗೊತ್ತಿತ್ತು" ಎಂದ. ಗಾಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, "ಗೊತ್ತಿತ್ತಮ್ಮ. ಗೊತ್ತಿದ್ದೇ ಕೇಳಿದೆ" ಎಂದ.

ಅವಳು ಹಟ್ಟಿಯ ಕಡೆ ಮುಖ ತಿರುಗಿಸಿದಳು. ದೂರದಲ್ಲಿ ಮುದ್ದಪ್ಪ ಬಿಟ್ಟ ಕುರಿ ಕುಂಟುತ್ತ ಹಿಂಡಿನ ಕಡೆ ಓಡುತ್ತಿತ್ತು. "ನನಗೂ ಹಂಗೇ ಅನ್ಸಿತ್ತು" ಎಂದಳು ಕೊನೆಗೆ. "ಹಂಗಾದ್ರೆ ಅದನ್ನ ಅಲ್ಲೇ ಹೇಳ್ರಿ ಸಾರ್. ಅವರೆಲ್ಲ ಇರ್ತಾರಲ್ಲ, ಅವರ ಮುಂದೆ. ಗುರುವಾರ ಬರ್ತೀನಿ. ನೀವು ಹೇಳೋ ತನಕ ನಾನು ಕೈಕಾಲು ಆಡ್ಸಲ್ಲ."

ಸೋಮವಾರ, ಮಂಗಳವಾರ, ಬುಧವಾರ ಪಾಲಾಕ್ಷ ಸರಿಯಾಗಿ ಉಣ್ಣಲಿಲ್ಲ. ಗುರುವಾರ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಎಂಟು ಜನರೂ ಇದ್ದರು. ಕಾಂಪೌಂಡಿನ ಆಚೆಯವರೂ ಇದ್ದರು, ಅವತ್ತೇ ಯಾಕೋ ಐದಾರು ಜನ. ಮಳೆಯಾದರೂ ಬರಬಾರದಿತ್ತೇ ಎಂದು ಆಕಾಶ ನೋಡಿದ, ಒಂದು ಚೂರು ಮೋಡವಿರಲಿಲ್ಲ. ಸೀಟಿ ಊದಿ ಕೈ ಬೀಸುವ ಕಸರತ್ತು ಶುರುಮಾಡಿಸಿದ. ತಿಪ್ಪೇರುದ್ರಮ್ಮ ಸಾಲಿನ ಕೊನೆಯಲ್ಲಿ ಎರಡೂ ಕೈ ಇಳಿಬಿಟ್ಟು ನಿಂತಿದ್ದಳು. ಕತ್ತು ತಿರುಗಿಸುವುದು ಮಾಡಿಸಿದ, ಸೊಂಟ ಬಗ್ಗಿಸುವುದು ಮಾಡಿಸಿದ, ಮಾಡಿಸಿದ್ದನ್ನೇ ಇನ್ನೊಮ್ಮೆ ಮಾಡಿಸಿದ. ಅವಳು ನಿಂತೇ ಇದ್ದಳು. ಉಳಿದವರು ಅವಳನ್ನೂ ಅವನನ್ನೂ ಓರೆಗಣ್ಣಲ್ಲಿ ನೋಡತೊಡಗಿದರು. "ಓಡ್ಸಿ ಬಿಡೋಣ, ಆಮೇಲೆ ಹೇಳಿದರಾಯ್ತು" ಎಂದು ಒಳಗಿನಿಂದ ಒಂದು ಬುದ್ಧಿವಂತ ದನಿ. ಓಡಲು ಕಳಿಸಿದರೆ ಅವಳು ಗೇಟಿನ ಕಡೆ ತಿರುಗುತ್ತಾಳೆ ಎಂದು ಅವನಿಗೆ ಖಾತ್ರಿಯಿತ್ತು. ಸೀಟಿ ಬಾಯಿಂದ ತೆಗೆದ. ಅದರ ತುಂಬ ಎಂಜಲು.

"ಒಂದು ಮಾತು" ಎಂದ. ದನಿ ಕೀರಲಾಗಿ ಬಂತು. "ಅವತ್ತು ನಾನು ತಿಪ್ಪೇರುದ್ರಮ್ಮನ್ನ, ಐದು ದಿನ ಯಾಕೆ ಬರ್ಲಿಲ್ಲ ಬಾಯ್ ಬಿಟ್ಟು ಹೇಳು ಅಂತ ನಿಲ್ಸಿದ್ದೆ. ಆಕೆ ಯಾಕೆ ಬಂದಿರ್ಲಿಲ್ಲ ಅಂತ ನನಗೆ ಗೊತ್ತಿತ್ತು. ಆಕೆ ಮುಟ್ಟಾಗಿದ್ಲು. ಗೊತ್ತಿದ್ದೂ ನಿಮ್ಮೆಲ್ಲರ ಮುಂದೆ ಕೇಳಿದೆ. ಆಚೆ ನಿಂತಿರೋರ ಮುಂದೆ ನಾನು ದೊಡ್ಡೋನಾಗ್ಬೇಕಿತ್ತು, ಅದಕ್ಕೆ. ತಪ್ಪು ಮಾಡಿದೆ."

ಕಾಂಪೌಂಡಿನ ಆಚೆ ಒಬ್ಬ ಏನೋ ಅಂದ, ಇನ್ನೊಬ್ಬ ನಕ್ಕ. ಇನ್ನು ಮುಗಿಯಿತು, ಇವತ್ತೇ ಊರೆಲ್ಲ ಹಬ್ಬುತ್ತದೆ, ಇವರೂ ನಾಳೆಯಿಂದ ಬರುವುದಿಲ್ಲ ಎಂದು ಪಾಲಾಕ್ಷ ಅಂದುಕೊಳ್ಳುತ್ತಿರುವಾಗಲೇ ಸಾಲಿನ ನಡುವಿನಿಂದ, ಇದುವರೆಗೆ ಹೂಂ ಊಹೂಂ ಬಿಟ್ಟು ಮಾತಾಡದ ಸ್ವಪ್ನ, "ಸಾರ್, ನನಗೆ ಇವತ್ತು ಎರಡನೇ ದಿನ" ಎಂದಳು. ಮುಖ ಕೆಂಪಗಾಗಿತ್ತು, ಆದರೆ ದನಿ ನಡುಗಲಿಲ್ಲ. "ಓಡಕ್ಕಾಗಲ್ಲ. ಗುಂಡು ಬೇಕಾದ್ರೆ ಎಸೀತೀನಿ." ಅವಳ ಪಕ್ಕದವಳು, "ನಂದು ಸೋಮವಾರ ಸಾರ್, ಆದ್ರೆ ನನಗೇನೂ ಆಗಲ್ಲ, ಓಡ್ತೀನಿ" ಎಂದಳು. ಮತ್ತೊಬ್ಬಳು ತನ್ನದು ಮೂರು ತಿಂಗಳಿಂದ ನಿಂತೇ ಹೋಗಿದೆ, ಈ ಕಸರತ್ತಿಗೋ ಏನೋ, ಹೆದರಿಕೆಯಾಗಿ ಯಾರಿಗೂ ಹೇಳಿಲ್ಲ ಎಂದು ಹೇಳಿ ಅತ್ತುಬಿಟ್ಟಳು. ಸಾಲಿನ ಮೊದಲಿನವಳು ಒಂದು ಹೆಜ್ಜೆ ಮುಂದೆ ಬಂದಳು. "ನಂದು ಪರೀಕ್ಷೆ ದಿನಾನೇ ಬೀಳುತ್ತೆ ಸಾರ್. ಏನ್ ಮಾಡ್ಲಿ?"

ಎಲ್ಲರೂ ಅವನನ್ನು ನೋಡಿದರು. ಇಪ್ಪತ್ತು ವರ್ಷ ಈ ಮೈದಾನದಲ್ಲಿ ಯಾವ ಪ್ರಶ್ನೆಗೂ ಉತ್ತರವಿಲ್ಲದೆ ಅವನು ನಿಂತದ್ದಿಲ್ಲ.

"ನನಗೆ ಗೊತ್ತಿಲ್ಲಮ್ಮ" ಎಂದ ಪಾಲಾಕ್ಷ.

"ಗೊತ್ತಿದ್ದೋರನ್ನ ಕೇಳಾನ ಬಾರೆ. ಆಸ್ಪತ್ರೆ ಸಿಸ್ಟರು ಇರ್ತಾರೆ ಹತ್ತು ಗಂಟೆಗೆ, ಇವಳನ್ನೂ ಕರ್ಕಂಡು ಹೋಗಾನ" ಎಂದಳು ತಿಪ್ಪೇರುದ್ರಮ್ಮ. ಅಳುತ್ತಿದ್ದವಳ ಬೆನ್ನಿಗೆ ಒಂದು ಗುದ್ದು ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಸೀಟಿಗೂ ಕಾಯದೆ ಓಡತೊಡಗಿದಳು. ಐದಾರು ಜನ ಅವಳ ಹಿಂದೆ ಓಡಿದರು. ಸ್ವಪ್ನ ಗುಂಡನ್ನು ಎತ್ತಿ ಕತ್ತಿಗೆ ಒತ್ತಿಕೊಂಡು, "ಸಾರ್, ಮೊಣಕೈ ಸರಿ ಐತಾ ನೋಡ್ರಿ" ಎಂದು ಕರೆದಳು. ಪಾಲಾಕ್ಷ ಕಣ್ಣೊರೆಸಿಕೊಂಡು ಅವಳ ಹತ್ತಿರ ಹೋಗಿ, ಇನ್ನೂ ಸ್ವಲ್ಪ ಮೇಲೆ ಎಂದು, ಬರಿಗೈಯಿಂದಲೇ ಅವಳ ಮೊಣಕೈ ಎತ್ತಿ ಹಿಡಿದು ತೋರಿಸಿದ.